ಎರಡನೇ ಮಹಡಿಯ ನಲ್ಲಿ ಮತ್ತು ಇಪ್ಪತ್ಮೂರು ಸಾಧಕರು

ವರ್ಷಾಂತ್ಯ ಸಾಧನಾ ಸಂಭ್ರಮ ಶಾಖೆ
ಸಂಖ್ಯೆ: ವಸಾಸಂ/ನಲ್ಲಿ/23/ಭಾಗ-2
ದಿನಾಂಕ: ಡಿಸೆಂಬರ್ 30

ವಿಷಯ: ವರ್ಷದ ಸಾಧನೆಗಳನ್ನು ಸ್ಮರಿಸಿ ಸಂಭ್ರಮಿಸುವ ಬಗ್ಗೆ; ಹಾಗೂ ಸಂಭ್ರಮದ ಮಿತಿಯ ಬಗ್ಗೆ.

ಉಲ್ಲೇಖ: 1) ಇದೇ ಶಾಖೆಯ ಡಿಸೆಂಬರ್ 2ರ ಸುತ್ತೋಲೆ (ಯಾರೂ ಓದಿರುವುದಿಲ್ಲ).
2) ಅದನ್ನು ಓದುವಂತೆ ಕೋರಿದ ಜ್ಞಾಪನ (ಇದನ್ನೂ).
3) ಎರಡನೇ ಮಹಡಿಯ ಜವಾನರ ನಮೂನೆ.

ಪ್ರತಿಯೊಬ್ಬ ನೌಕರರೂ ಈ ವರ್ಷ ತಾವು ಮಾಡಿದ ಒಂದು ಸಾಧನೆಯನ್ನು ನಿಗದಿತ ನಮೂನೆಯಲ್ಲಿ ಬರೆದು ಸಲ್ಲಿಸಲು ಉಲ್ಲೇಖ ಒಂದರಲ್ಲಿ ತಿಳಿಸಲಾಗಿತ್ತು. ಸಾಧಕರಿಗೆ ಡಿಸೆಂಬರ್ 31ರ ಸಮಾರಂಭದಲ್ಲಿ ಪ್ರಶಂಸಾ ಪತ್ರ ನೀಡಲಾಗುವುದು. ಬಂದ ಇಪ್ಪತ್ನಾಲ್ಕು ನಮೂನೆಗಳನ್ನು ಪರಿಶೀಲಿಸಲಾಗಿ, ಇಪ್ಪತ್ನಾಲ್ಕರಲ್ಲೂ ಒಂದೇ ಸಾಧನೆ ಕಂಡುಬಂದಿದೆ. ಅದೆಂದರೆ, ನಾಲ್ಕು ವರ್ಷಗಳಿಂದ ಸೋರುತ್ತಿದ್ದ ಎರಡನೇ ಮಹಡಿಯ ನಲ್ಲಿ ಈಗ ಸೋರುತ್ತಿಲ್ಲ. ಕಚೇರಿಯಲ್ಲಿ ವರ್ಷವಿಡೀ ಬೇರೇನೂ ನಡೆದಿಲ್ಲವಾದ್ದರಿಂದ ಇದು ಸಹಜವೆಂದು ಪರಿಗಣಿಸಿ, ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

1. ಸದರಿ ಸಾಧನೆಯನ್ನು ಹೀಗೆ ಹಂಚಲಾಗಿದೆ. ಸೋರುವುದನ್ನು ಮೊದಲು ಗಮನಿಸಿದವರು: ಹಿರಿಯ ಅಧೀಕ್ಷಕರು. ಗಮನಿಸಿದ್ದನ್ನು ಕಡತಕ್ಕೆ ತಂದವರು: ಪ್ರಥಮ ದರ್ಜೆ ಸಹಾಯಕರು. ಆ ಕಡತವನ್ನು ಮೂರು ವರ್ಷ ಯಾರ ಕೈಗೂ ಸಿಗದಂತೆ ಜೋಪಾನ ಮಾಡಿದವರು: ದಾಖಲೆಪಾಲಕರು. ಕೆಳಗೆ ಬಕೆಟ್ ಇಡಲು ಕಾನೂನಿನ ಅಡ್ಡಿಯಿಲ್ಲವೆಂದು ಅಭಿಪ್ರಾಯ ನೀಡಿದವರು: ಕಾನೂನು ಸಲಹೆಗಾರರು. ಈ ಅವಧಿಯಲ್ಲಿ ದೀರ್ಘ ರಜೆಯಲ್ಲಿದ್ದು ಯಾವ ಅಡ್ಡಿಯನ್ನೂ ಉಂಟುಮಾಡದವರು: ಉಪನಿರ್ದೇಶಕರು. ಉಳಿದ ಹದಿನೆಂಟು ಮಂದಿ ಊಟದ ನಂತರ ಅದೇ ನಲ್ಲಿಯಲ್ಲಿ ಕೈತೊಳೆಯುತ್ತಿದ್ದರಾಗಿ, ಸಾಧನೆಯಲ್ಲಿ ಅವರ ಪಾಲನ್ನೂ ಒಪ್ಪಲಾಗಿದೆ.

2. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳಲು ಅನುಮತಿಸಲಾಗಿದೆ. ಕೈ ಎಟುಕದವರು ಪಕ್ಕದ ಮೇಜಿನವರ ಬೆನ್ನು ತಟ್ಟಿ, ಬದಲಿಗೆ ತಮ್ಮದನ್ನು ತಟ್ಟಿಸಿಕೊಳ್ಳತಕ್ಕದ್ದು. ಮೇಲಧಿಕಾರಿಗಳ ಬೆನ್ನನ್ನು ತಟ್ಟುವಂತಿಲ್ಲ. ಅದರ ಹಿಂದೆ ನಿಂತು ಗಾಳಿಯಲ್ಲಿ ತಟ್ಟತಕ್ಕದ್ದು.

3. ಸಮಾರಂಭಕ್ಕೂ ಮುನ್ನ, ಬೆಳಿಗ್ಗೆ 11.00ರಿಂದ 11.07ರವರೆಗೆ ಆತ್ಮಾವಲೋಕನ ನಡೆಯಲಿದೆ. ಎಲ್ಲರೂ ಕಣ್ಣು ಮುಚ್ಚಿಕೊಳ್ಳತಕ್ಕದ್ದು. ಗೊರಕೆ ಕೇಳಿಬಂದಲ್ಲಿ ಅಂಥವರ ಅವಲೋಕನ ಪೂರ್ಣಗೊಂಡಿದೆಯೆಂದು ಭಾವಿಸಲಾಗುವುದು. ಅವಲೋಕನದ ವೇಳೆ ತಪ್ಪೇನಾದರೂ ಕಂಡುಬಂದರೆ ಅದನ್ನು ಕೂಡಲೇ ಸಂಬಂಧಪಟ್ಟ ಬೇರೆ ಶಾಖೆಗೆ ವರ್ಗಾಯಿಸತಕ್ಕದ್ದು.

4. ಇಪ್ಪತ್ನಾಲ್ಕನೇ ನಮೂನೆ ಎರಡನೇ ಮಹಡಿಯ ಜವಾನರದ್ದು. ಕಚೇರಿಯ ಎಲ್ಲ ಬೀಗದ ಕೈಗಳೂ ಇವರ ಸೊಂಟದಲ್ಲಿ ಇರುವುದರಿಂದ ಇವರನ್ನು ಬೀಗದಣ್ಣ ಎಂದು ಕರೆಯಲಾಗುತ್ತದೆ. ಮೂವತ್ತೈದು ವರ್ಷಗಳ ಸೇವೆ ಮುಗಿಸಿ ಡಿಸೆಂಬರ್ 31ರ ಸಂಜೆ ನಿವೃತ್ತರಾಗಲಿದ್ದಾರೆ. ನಮೂನೆಯಲ್ಲಿ ಅವರು ಬರೆದಿರುವುದು ಇಷ್ಟು: "ಸಾಧನೆ ಅಂತ ಏನಿಲ್ಲ. ನಲ್ಲಿ ಸೋರ್ತಿತ್ತು, ಮನೆಯಿಂದ ಒಂದು ವಾಷರ್ ತಂದು ಹಾಕ್ದೆ, ನಿಂತ್ಕೊಂತು. ತಾತ ನೀನೇನ್ ಕೆಲ್ಸ ಮಾಡ್ತಿದ್ದೆ ಅಂತ ಮೊಮ್ಮಗಳು ಕೇಳ್ತಾಳೆ. ತೋರ್ಸೋಕೆ ಒಂದು ಕಾಗ್ದ ಕೊಟ್ರೆ ಸಾಕು."

5. ಸದರಿ ಕೋರಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ. ಏಕೆಂದರೆ:
(ಅ) ಸಾಧನೆ ಏನಿಲ್ಲವೆಂದು ಅರ್ಜಿದಾರರೇ ಒಪ್ಪಿಕೊಂಡಿದ್ದಾರೆ.
(ಆ) ಆ ವಾಷರ್ ಕಚೇರಿಯ ದಾಸ್ತಾನು ವಹಿಯಲ್ಲಿಲ್ಲ. ವಹಿಯಲ್ಲಿ ಇಲ್ಲದ ವಾಷರಿನಿಂದ ನಲ್ಲಿ ನಿಲ್ಲುವುದು ನಿಯಮಾನುಸಾರ ಅಸಾಧ್ಯ.
(ಇ) ನಲ್ಲಿ ಒಂದೇ ಇದ್ದು, ಈಗಾಗಲೇ ಇಪ್ಪತ್ಮೂರು ಮಂದಿಗೆ ಹಂಚಿ ಖಾಲಿಯಾಗಿದೆ.

6. ಸಾಧನೆಯ ಖಾತರಿಗಾಗಿ ನಿನ್ನೆ ಪ್ರಾತ್ಯಕ್ಷಿಕೆ ಏರ್ಪಡಿಸಲಾಗಿತ್ತು. ಇಪ್ಪತ್ಮೂರು ಸಾಧಕರೂ (ಉಪನಿರ್ದೇಶಕರು ಇದಕ್ಕಾಗಿ ರಜೆಯಿಂದ ಒಂದು ಗಂಟೆ ಬಂದುಹೋದರು) ಹುದ್ದೆಯ ಹಿರಿತನದಂತೆ ಸಾಲಾಗಿ ಬಂದು, ನಲ್ಲಿಯನ್ನು ತಲಾ ಒಮ್ಮೆ ತಿರುಗಿಸಿ, ಒಮ್ಮೆ ನಿಲ್ಲಿಸಿ, ಛಾಯಾಚಿತ್ರ ತೆಗೆಸಿಕೊಂಡರು. ಹತ್ತೊಂಬತ್ತನೆಯವರ ತನಕ ಎಲ್ಲವೂ ಸುಗಮವಾಗಿತ್ತು. ಇಪ್ಪತ್ತನೆಯವರು ತಮ್ಮ ಪಾಲಿನ ಸಾಧನೆಯನ್ನು ತುಸು ಬಲವಾಗಿ ತಿರುಗಿಸಿದ್ದರಿಂದ ನಲ್ಲಿಯ ತಲೆ ಅವರ ಕೈಗೇ ಬಂದಿರುತ್ತದೆ. ಉಳಿದ ಮೂವರು ಕೊಡೆ ಹಿಡಿದು ಸಾಧನೆ ಪೂರೈಸಿದ್ದಾರೆ. ಮುದ್ರಿತ ಪ್ರಶಂಸಾ ಪತ್ರಗಳನ್ನು ಈಗ ಕಾರಿಡಾರಿನ ಉದ್ದಕ್ಕೂ ಹಗ್ಗ ಕಟ್ಟಿ ಒಣಗಹಾಕಲಾಗಿದ್ದು, ತಮ್ಮ ಹೆಸರು ಅಳಿಸಿಹೋದವರು ಒಣಗಿದ ಯಾವುದಾದರೂ ಒಂದನ್ನು ಪಡೆಯತಕ್ಕದ್ದು.

7. ಆದ್ದರಿಂದ ಬೀಗದಣ್ಣನವರು ನಾಳೆ ಸಂಜೆ 5ರೊಳಗೆ ನಲ್ಲಿಯನ್ನು ಸರಿಪಡಿಸಿ, 5.30ಕ್ಕೆ ನಿವೃತ್ತರಾಗತಕ್ಕದ್ದೆಂದು ಆದೇಶಿಸಲಾಗಿದೆ. ಪ್ರಸಕ್ತ ವರ್ಷದ ಪಟ್ಟಿ ಮುಗಿದಿರುವುದರಿಂದ ಸದರಿ ದುರಸ್ತಿಯನ್ನು ಮುಂದಿನ ವರ್ಷದ ಸಾಧನೆಯಾಗಿ ದಾಖಲಿಸಲಾಗುವುದು. ಮುಂದಿನ ವರ್ಷ ಅವರು ನೌಕರರಾಗಿ ಇರುವುದಿಲ್ಲವಾದ್ದರಿಂದ ಅದನ್ನೂ ಉಳಿದವರಿಗೆ ಹಂಚಲಾಗುವುದು. ಆಸಕ್ತರು ಈಗಲೇ ಹೆಸರು ನೋಂದಾಯಿಸಬಹುದು.

8. ಈ ಸುತ್ತೋಲೆಯ ಕರಡು ಸಿದ್ಧಪಡಿಸಿದ ಗುಮಾಸ್ತರು ಅಂಚಿನಲ್ಲಿ ಹೀಗೆ ಷರಾ ಬರೆದಿದ್ದರು: "ಗೆದ್ದಲು ಕಟ್ಟಿದ ಹುತ್ತಕ್ಕೆ ಇಪ್ಪತ್ಮೂರು ಹಾವು ಸೇರ್ಕೊಂಡ್ವು. ಇದನ್ನ ಬರೆಯೋಕೆ ನಂಗೆ ನಾಚಿಕೆ ಆಗ್ತಿದೆ." ಅಂಚಿನಲ್ಲಿ ಏನಿದ್ದರೂ ಬೆರಳಚ್ಚು ಮಾಡುವುದು ಈ ಶಾಖೆಯ ಪದ್ಧತಿಯಾದ್ದರಿಂದ ಅದೂ ಇಲ್ಲಿ ಸೇರಿಹೋಗಿದೆ. ಸದರಿ ಎರಡು ವಾಕ್ಯಗಳನ್ನು ಯಾರೂ ಓದತಕ್ಕದ್ದಲ್ಲ. ಓದಿದವರು ಕಂಡಿಕೆ 3ರಂತೆ ಕಣ್ಣು ಮುಚ್ಚಿಕೊಳ್ಳತಕ್ಕದ್ದು.

(ಸಹಿ, ನೀರಿಗೆ ಸ್ವಲ್ಪ ಹರಡಿದೆ)
ಹಿರಿಯ ಅಧೀಕ್ಷಕರು
ಹಾಗೂ ಸೋರುವುದನ್ನು ಮೊದಲು ಗಮನಿಸಿದವರು

ಪ್ರತಿಗಳು:
1. ಇಪ್ಪತ್ಮೂರು ಸಾಧಕರಿಗೆ, ಚೌಕಟ್ಟು ಹಾಕಿಸಿಕೊಳ್ಳಲು.
2. ಉಪನಿರ್ದೇಶಕರಿಗೆ, ಅವರು ರಜೆಯಲ್ಲಿರುವ ವಿಳಾಸಕ್ಕೆ.
3. ಕೆಳಗಿನ ಮಹಡಿಯವರಿಗೆ, ತಮ್ಮ ಮೇಲೆ ಬೀಳುತ್ತಿರುವುದು ನಮ್ಮ ಸಾಧನೆಯೇ ಎಂಬ ಮಾಹಿತಿಗಾಗಿ.
4. ಬೀಗದಣ್ಣನವರಿಗೆ, ತಪ್ಪದೇ ಪಾಲಿಸಲು. ಬರುವಾಗ ಮನೆಯಿಂದ ವಾಷರ್ ತರತಕ್ಕದ್ದು.
5. ಕಚೇರಿ ಪ್ರತಿ (ಒದ್ದೆ).
6. ಬೀಗದಣ್ಣನವರ ಮೊಮ್ಮಗಳಿಗೆ, ಇಲಾಖೆಯ ದುಂಡು ಮೊಹರಿನೊಂದಿಗೆ. ಕಂಡಿಕೆ 4ನ್ನು ಓದಿಕೊಳ್ಳುವುದು; ತಾತ ಮಾಡಿದ ಕೆಲಸ ಅಲ್ಲಿ ಬರೆದಿದೆ. (ಈ ಪ್ರತಿಯನ್ನು ಸಹಿಯಾದ ನಂತರ ಗುಮಾಸ್ತರು ಕೈಬರಹದಲ್ಲಿ ಸೇರಿಸಿರುತ್ತಾರೆ.)