ಖಾಲಿ ಜಾಗದ ಜಗಳ

ಜಗತ್ತಿನ ಜಗಳಗಳೆಲ್ಲ ಹೆಣ್ಣು, ಹೊನ್ನು, ಮಣ್ಣಿಗಾಗಿ ಹುಟ್ಟುತ್ತವೆ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರು ಯಾರೂ ನಮ್ಮ ಆಫೀಸಿಗೆ ಬಂದವರಲ್ಲ. ನಮ್ಮಲ್ಲಿ ಜಗಳ ಆಗುವುದು ಖಾಲಿ ಜಾಗಕ್ಕೆ. ಜಾಗ ಎಂದರೆ ಸೈಟು ಎಂದುಕೊಂಡು ಆಸೆಪಡಬೇಡಿ. ಕಂಪ್ಯೂಟರಿನಲ್ಲಿ ಎರಡು ಅಕ್ಷರಗಳ ನಡುವೆ ಬಿಡುವ ಜಾಗ. ಅಷ್ಟು ಜಾಗದಲ್ಲಿ ಒಂದು ಇರುವೆಯೂ ಮನೆ ಕಟ್ಟಲಾರದು. ಆದರೆ ಅದಕ್ಕಾಗಿ ನಾನು ಎರಡು ವಾರ ಮಜ್ಜಿಗೆ ಕುಡಿದು ಪಿತ್ತ ಇಳಿಸಿಕೊಂಡಿದ್ದೇನೆ.

ಅಥಣಿಯ ಪೇಟೆಯಲ್ಲಿ, ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕಬ್ಬಿನ ಗಾಡಿ ತೂಗುವ ಕಾಟಾಕ್ಕೆ ಬೇಕಾದ ಸಾಫ್ಟ್‌ವೇರ್ ಬರೆಯುತ್ತೇವೆ. ಬರೆಯುವವರು ಮೂವರು. ಹಿರಿಯರು ಅಣ್ಣಾಸಾಹೇಬ ಕಾಕಾ. ಮನೆಯಲ್ಲಿ ಕಬ್ಬಿನ ಹೊಲವಿದೆ, ಆಫೀಸಿನಲ್ಲೂ ಹೊಲದ ಶಿಸ್ತೇ. ಕೋಡಿನಲ್ಲಿ, ಅಂದರೆ ನಾವು ಬರೆಯುವ ಸಾಫ್ಟ್‌ವೇರಿನ ಸಾಲುಗಳಲ್ಲಿ, ಒಂದರ ಕೆಳಗೊಂದು ಸಮ (=) ಚಿಹ್ನೆಗಳು ನೂಲು ಹಿಡಿದಂತೆ ನೇರ ನಿಲ್ಲಬೇಕು. "ಸಾಲು ಸೊಟ್ಟಾದ್ರ ನೀರು ಹೆಂಗ ಹರಿಬೇಕ ತಂಗಿ?" ಎನ್ನುತ್ತಾರೆ. ಇನ್ನೊಬ್ಬಳು ಕುಡಚಿಯಿಂದ ದಿನಾ ಬಸ್ಸಿನಲ್ಲಿ ಬರುವ ಶಾಹೀನ. ಆ ಬಸ್ಸಿನಲ್ಲಿ ಒತ್ತಿಕೊಂಡು ಕೂತು ರೂಢಿಯಾಗಿಯೋ ಏನೋ, ಅವಳ ಕೋಡೂ ಒತ್ತೊತ್ತಾಗಿರುತ್ತದೆ. "ಇಷ್ಟ ಜಾಗಾ ಬಿಡಾಕ ಇದೇನ ಹೊಲಾ ಏನ್ರಿ ಅಕ್ಕಾ?" ಎಂಬುದು ಅವಳ ವಾದ. ಇವರಿಬ್ಬರ ನಡುವೆ ನನ್ನ ಕುರ್ಚಿ.

ಸಂಜೆ ಕಾಕಾ ಅವಳ ಕೋಡನ್ನು ತೆರೆದು ಸಾಲು ಬಿಡಿಸುವರು, ಬೆಳಿಗ್ಗೆ ಅವಳು ಬಂದು ಎಲ್ಲವನ್ನೂ ಮತ್ತೆ ಒತ್ತುವಳು. ನನ್ನ ಮನೆಯಲ್ಲೂ ಇದೇ ಕಥೆ. ನಾನು ಸಾಸಿವೆ ಡಬ್ಬಿ ಎಡಕ್ಕಿಟ್ಟರೆ ಅತ್ತೆ ಬಲಕ್ಕಿಡುತ್ತಾರೆ, ಇಬ್ಬರೂ ಬಾಯಿ ಬಿಡುವುದಿಲ್ಲ. ಆದರೆ ಸಾಸಿವೆ ಎಲ್ಲಿದ್ದರೂ ಚಟಪಟ ಎನ್ನುತ್ತದೆ, ಸಾಫ್ಟ್‌ವೇರ್ ಹಾಗಲ್ಲ. ಖಾಲಿ ಟ್ರಾಲಿಯ ತೂಕ ಕಳೆಯುವ ಲೆಕ್ಕವನ್ನು ಶಾಹೀನ ಒಂದು ದಿನ ಸರಿಪಡಿಸಿದ್ದಳು. ಕಾಕಾ ಸಾಲು ಜೋಡಿಸುವ ಭರದಲ್ಲಿ ಹಳೆಯ ತಪ್ಪನ್ನೇ ನೀಟಾಗಿ ವಾಪಸ್ ಕೂರಿಸಿಬಿಟ್ಟರು. ಪರೀಕ್ಷೆ ಮಾಡಿದಾಗ ಕಾಟಾ ಟ್ರಾಲಿಯನ್ನೂ ಕಬ್ಬೆಂದೇ ತೂಗಿತು. ಅಂದಿನಿಂದ ಮಾತು ಬಂದ್.

ನಮ್ಮ ಕಡೆ ಮಾತು ಬಿಟ್ಟವರು ಸುಮ್ಮನಿರುವುದಿಲ್ಲ, ಮೂರನೆಯವರ ಮೂಲಕ ಮಾತಾಡುತ್ತಾರೆ. "ಅಕಿಗೆ ಹೇಳು ತಂಗಿ, ಫ್ಯಾನ್ ಸಣ್ಣ ಮಾಡು ಅಂತ." ಅವಳು ಕೈಯಳತೆಯಲ್ಲೇ ಕೂತಿರುತ್ತಾಳೆ. "ಕಾಕಾಗ ಹೇಳ್ರಿ ಅಕ್ಕಾ, ಮೊದಲ ಸಣ್ಣ ಐತಿ ಅಂತ." ನಾನು ಇಡೀ ದಿನ ಟಪಾಲು ಹಂಚಿದೆ. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಪೂಜೆ ಮುಗಿದಿತ್ತು, ಕಬ್ಬು ಅರೆಯುವ ಹಂಗಾಮು ಇನ್ನೇನು ಶುರು, ಟ್ರಾಲಿ ಮಾತ್ರ ಇನ್ನೂ ಕಬ್ಬಾಗಿಯೇ ಇತ್ತು. ಅದಕ್ಕಿಂತ ಹೆಚ್ಚಾಗಿ ನನಗೆ ಕರುಳು ಚುರ್ ಎನ್ನುತ್ತಿದ್ದುದು ಮಧ್ಯಾಹ್ನ. ಒಂದೇ ಟೇಬಲ್ಲಿನಲ್ಲಿ ಬಿಚ್ಚುತ್ತಿದ್ದ ಡಬ್ಬಿಗಳು ಈಗ ಮೂರು ಮೂಲೆಗೆ ಹೋಗಿದ್ದವು. ನನ್ನ ಗಂಡ ಮಿರಜದ ದವಾಖಾನೆಯಲ್ಲಿದ್ದಾಗ ನನ್ನ ಕೆಲಸವನ್ನೆಲ್ಲ ಇವರಿಬ್ಬರೂ ಹಂಚಿಕೊಂಡು ಮಾಡಿ, ನಾನು ಬಂದಾಗ ಏನೂ ಗೊತ್ತಿಲ್ಲದವರಂತೆ ಕೂತಿದ್ದರು. ಇಂಥವರು ಒಬ್ಬರ ಮುಖ ಒಬ್ಬರು ನೋಡದಿದ್ದರೆ ನನಗೆ ರೊಟ್ಟಿ ಹೇಗೆ ಇಳಿಯಬೇಕು?

ಕೊನೆಗೆ ಒಂದು ಉಪಾಯ ಹೊಳೆಯಿತು. ನಾವು ಬರೆದ ತುಂಡುಗಳನ್ನೆಲ್ಲ ಕೂಡಿಸಿ ಒಂದು ಸಾಫ್ಟ್‌ವೇರ್ ಮಾಡುವ ಕೆಲಸಕ್ಕೆ ಬಿಲ್ಡ್ ಎನ್ನುತ್ತಾರೆ. ಆ ಬಿಲ್ಡಿನೊಳಗೇ ಫಾರ್ಮ್ಯಾಟರ್ ಎಂಬ ಯಂತ್ರವೊಂದನ್ನು ಕೂರಿಸಿದರಾಯಿತು. ಯಾರು ಹೇಗೇ ಬರೆಯಲಿ, ಅದು ಎಲ್ಲರ ಜಾಗ, ಸಾಲುಗಳನ್ನು ಒಂದೇ ರೀತಿ ಮಾಡುತ್ತದೆ, ಅರ್ಥವನ್ನು ಮಾತ್ರ ಮುಟ್ಟುವುದಿಲ್ಲ. ಯಂತ್ರದ ಮೇಲೆ ಯಾರು ಸಿಟ್ಟಾಗುತ್ತಾರೆ? ಅಡುಗೆಮನೆಗೆ ಇಂಥದ್ದು ಇನ್ನೂ ಬಂದಿಲ್ಲವಲ್ಲ ಎಂಬ ಒಂದೇ ಕೊರಗಿನಿಂದ ಅದನ್ನು ಸೇರಿಸಿ, ಬಿಲ್ಡ್ ಓಡಿಸಿ, ಕೈ ಕಟ್ಟಿ ಕೂತೆ.

ಮೊದಲು ಎದ್ದವರು ಕಾಕಾ. ಅವರು ನನ್ನನ್ನು ತಂಗಿ ಎನ್ನುವುದು ಬಿಟ್ಟು ಮೇಡಮ್ಮಾರ ಎಂದರೆ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. "ಮೇಡಮ್ಮಾರ, ನನ್ನ ಸಾಲೆಲ್ಲಾ ಹಂದಿ ಹೊಕ್ಕ ಹೊಲಾ ಆಗ್ಯಾವಲ್ರಿ!"

ಶಾಹೀನ ತನ್ನ ಪರದೆ ಅವರತ್ತ ತಿರುಗಿಸಿದಳು. "ಕಾಕಾ, ನಂದ ನೋಡ್ರಿಲ್ಲೆ. ಒಂದ ಸಾಲಿತ್ತು, ಏಣಿ ಮಾಡಿ ನಿಲ್ಲಿಸೇತಿ."

ಕಾಕಾ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಯ್ಯ ಯವ್ವಾ! ನಿಂದು ಎಷ್ಟ ಚಂದ ಇತ್ತು!"

ನಾನು ಬೆಪ್ಪಾದೆ. ನಿನ್ನೆಯವರೆಗೆ ಅವಳ ಕೋಡನ್ನು ಮುದ್ದೆ ಎಂದವರು ಇವರೇ! "ಚಹಾಕ್ಕ ಹೋಗೂಣ ನಡಿ" ಎಂದು ಇಬ್ಬರೂ ಮೆಟ್ಟಿಲಿಳಿದರು. ನನ್ನನ್ನು ಕರೆಯಲಿಲ್ಲ. ಕೆಳಗಿನಿಂದ ನನ್ನ ಹೆಸರು ಕೇಳಿಸಿತು, ಅದರ ಹಿಂದೆಯೇ ನಗು. ಖುಷಿಗೆ ಕಣ್ಣು ತುಂಬಿತು, ಹೊಟ್ಟೆಯೂ ಸ್ವಲ್ಪ ಉರಿಯಿತು.

ಚಹಾ ಕುಡಿದು ಬಂದವರು ಒಂದು ಕರಾರು ಮಾಡಿಕೊಂಡೇ ಬಂದಿದ್ದರು. ಇನ್ನು ಒಬ್ಬರ ಬರಹವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ನನ್ನ ಯಂತ್ರವೂ ಮುಟ್ಟಕೂಡದು. "ಹಿರ್ಯಾ ಮನಷಾ ಕೇಳಾಕತ್ತೀನಿ, ಇಲ್ಲ ಅನಬ್ಯಾಡ" ಎಂದರು ಕಾಕಾ. ಇಲ್ಲ ಎನ್ನುವುದುಂಟೆ? ಹಳೆಯ ಸಾಲುಗಳನ್ನು ವಾಪಸ್ ತಂದು, ಅವರ ಫೈಲುಗಳ ತಲೆಗೆ 'ಇದನ್ನು ಮುಟ್ಟಬೇಡ' ಎಂದು ಯಂತ್ರಕ್ಕೆ ತಿಳಿಯುವ ಗುರುತು ಹಾಕಿದೆ. "ಕಾಕಾಗ ಕೊಟ್ಟ ಮ್ಯಾಲ ನನಗಿಲ್ಲಂದ್ರ ಹೆಂಗ್ರಿ ಅಕ್ಕಾ?" ಅವಳದ್ದಕ್ಕೂ ಹಾಕಿದೆ. ಆಮೇಲೆ ಇಬ್ಬರೂ ಒಂದೇ ಪರದೆಗೆ ಕಣ್ಣಿಟ್ಟು ಕೂತು ಟ್ರಾಲಿಯ ತೂಕ ಕಳೆದರು. ಹಂಗಾಮಿನ ಮೊದಲ ಗಾಡಿ ಕಾಟಾ ಏರಿದಾಗ ಕಬ್ಬು ಕಬ್ಬಾಗಿಯೇ ತೂಗಿತು.

ಯಂತ್ರ ಈಗಲೂ ಪ್ರತಿ ಬಿಲ್ಡಿಗೆ ಓಡುತ್ತದೆ. ಅದರ ಕೈಗೆ ಸಿಗುವುದು ನನ್ನ ಫೈಲುಗಳು ಮಾತ್ರ. ನನ್ನ ಬರಹ ಸಾಣೆ ಹಿಡಿದಷ್ಟು ಚೊಕ್ಕ ಎಂದು ನಾನು ನಂಬಿದ್ದೆ. ಇಲ್ಲವಂತೆ. ದಿನಾ ತಾನು ತಿದ್ದಿದ ನನ್ನ ತಪ್ಪುಗಳನ್ನು ಉದ್ದಕ್ಕೆ ಬರೆದು ಪರದೆ ತುಂಬಿಸುತ್ತದೆ. ಕಾಕಾ ಅದನ್ನು ಗಟ್ಟಿಯಾಗಿ ಓದುತ್ತಾರೆ, ಶಾಹೀನ ಊಟದ ಡಬ್ಬಿ ಬಿಚ್ಚುತ್ತ ಬಿದ್ದು ಬಿದ್ದು ನಗುತ್ತಾಳೆ. "ಮಶೀನ್ ಭಾಳ ಶಾಣ್ಯಾ ಐತಿ ತಂಗಿ, ಬರೋಬ್ಬರಿ ಮಂದೀನ ಹಿಡದೈತಿ" ಎಂದು ಕಾಕಾ ಅವಳ ಡಬ್ಬಿಗೆ ಕೈ ಹಾಕುತ್ತಾರೆ. ನನ್ನ ಫೈಲಿಗೂ ಆ ಗುರುತು ಹಾಕಿಕೊಳ್ಳುವುದು ಒಂದು ಸಾಲಿನ ಕೆಲಸ. ಹಾಕಿಕೊಂಡರೆ ನಾಳೆಯಿಂದ ಇವರಿಬ್ಬರೂ ಕೂಡಿ ನಗುವುದು ಯಾರನ್ನು ನೋಡಿ? ಅದಕ್ಕೇ ಈಚೆಗೆ, ಯಂತ್ರಕ್ಕೆ ಕೆಲಸ ಕಡಿಮೆಯಾದೀತೆಂದು, ಅಲ್ಲಲ್ಲಿ ಬೇಕೆಂದೇ ಸೊಟ್ಟ ಬರೆಯುತ್ತಿದ್ದೇನೆ. ಉಳಿದ ಸೊಟ್ಟ ತಾನಾಗಿ ಬಂದದ್ದು, ನನ್ನದೇ.