ನಾಲ್ಕು ತಾಲ್ಲೂಕಿನ ಬೆಕ್ಕು

ಗೋಡೆಯ ಮೇಲೆ ಬೆಕ್ಕು ಕರುವಿನಷ್ಟು ದೊಡ್ಡದಾಗಿ ಕಾಣುತ್ತದೆಂದು ಹುಲಗೇಶನಿಗೆ ಗೊತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅದು ಒಲೆಯ ಪಕ್ಕ ಯಾರೋ ಮಡಚಿಟ್ಟ ಒರೆಸುವ ಬಟ್ಟೆಯ ಹಾಗಿತ್ತು. ಒಂದು ವಾರ ಆ ಫೋಟೋಗಳ ಮುಂದೆಯೇ ಕೂತಿದ್ದರೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅಡುಗೆಮನೆಯಲ್ಲಿ ಬೆಕ್ಕನ್ನು ಯಾರು ನೋಡುತ್ತಾರೆ?

ಆವತ್ತು ಬೆಳಿಗ್ಗೆ ಒಂಬತ್ತೂವರೆಗೆ ಶಿಗ್ಗಾವಿಯ ಆಫೀಸಿನಲ್ಲಿ ಪ್ರೊಜೆಕ್ಟರ್ ಹಚ್ಚಿ, ರಿಮೋಟ್ ಹಿಡಿದು, ಹುಲಗೇಶ ಒಂದೊಂದೇ ಫೋಟೋ ದಾಟಿಸುತ್ತಿದ್ದ. ಸವಣೂರಿನ ಕೆಲಸ ನೋಡಿಕೊಳ್ಳುವ ತನ್ವೀರ ಸೇವು-ಬೂಂದಿಯ ಖಾರದ ಪೊಟ್ಟಣ ಬಿಚ್ಚಿ ಬಾಯಾಡಿಸುತ್ತ ಕೂತಿದ್ದ. ಮೂರನೆಯ ಫೋಟೋಕ್ಕೆ ಅವನ ಬಾಯಿ ನಿಂತಿತು.

"ಹುಲಗೇಶಣ್ಣ, ಈ ಬೆಕ್ಕ ಹಾನಗಲ್ಲಿಗೂ ಹೋಗಿತ್ತಲ್ಲೋ?"

"ಯಾವ ಬೆಕ್ಕು?"

"ಹಾನಗಲ್ಲಿಗೆ ಹೋಗಿ, ನಮ್ಮ ಸವಣೂರಿಗೆ ಬಂದು, ಈಗ ಹಿರೇಕೆರೂರಾಗ ಮಲಗೇತಿ. ಬಸ್ ಪಾಸ್ ಮಾಡಿಸಿ ಕೊಟ್ಟೀರೇನು?"

ಹುಲಗೇಶ ನೋಡಿದ. ಬಿಳಿ ಮೈ, ಬೆನ್ನ ಮೇಲೆ ಶಾಯಿ ಚೆಲ್ಲಿದಂತೆ ಕರಿ ಮಚ್ಚೆ, ಅರ್ಧ ಹರಿದ ಎಡಗಿವಿ. ಆಫೀಸಿನ ಅಡುಗೆಮನೆಯ ಬೆಕ್ಕು. ಕೆಲಸ ಮಾಡದೆ ಉಂಡು ಮಲಗುತ್ತದೆಂದು ಅಡುಗೆಯ ಮಹಾದೇವಕ್ಕ ಅದಕ್ಕೆ 'ಸಾವ್ಕಾರ' ಎಂದು ಹೆಸರಿಟ್ಟಿದ್ದಳು.

ವಿಷಯ ಇಷ್ಟೇ. ಬೆಂಗಳೂರಿನ ಕಂಪನಿಯೊಂದು ಈ ಸೇವಾ ಸಂಸ್ಥೆಗೆ ಹೊಗೆಯಿಲ್ಲದ ಒಲೆ ಹಾಕಿಸುವ ಕೆಲಸ ವಹಿಸಿತ್ತು. ನಾಲ್ಕು ತಾಲ್ಲೂಕು, ತಾಲ್ಲೂಕಿಗೆ ಹತ್ತು ಮನೆ. ಹೊಗೆ ಹೋಗುವ ಕೊಳವೆಗಳು ಇನ್ನೂ ಬಂದಿರಲಿಲ್ಲ. ಹಾಗಾಗಿ ಇಲ್ಲಿಯವರೆಗೆ ಆಗಿದ್ದು ಒಂದೇ ಒಲೆ, ಮಾದರಿಗೆಂದು ಆಫೀಸಿನ ಅಡುಗೆಮನೆಯಲ್ಲಿ ಕಟ್ಟಿದ್ದು. "ಮೊದಲ ಫೋಟೋ ಆಗ್ಲಿ. ಒಲಿ ಎಲ್ಲಿ ಓಡಿ ಹೋಗ್ತಾವು?" ಎಂದಿದ್ದರು ಕಾರ್ಯದರ್ಶಿ ಶಂಕ್ರಪ್ಪನವರು.

ಹುಲಗೇಶ ಕಡಿಮೆ ಮಾತಿನವನು. ಐದು ವರ್ಷದಿಂದ ಹಂಗಾಮಿಯಾಗಿರುವವನಿಗೆ ಹೆಚ್ಚು ಮಾತು ಬೇಕಾಗುವುದೂ ಇಲ್ಲ. ಸುಮ್ಮನೆ ಕ್ಯಾಮೆರಾ ಎತ್ತಿಕೊಂಡಿದ್ದ. ಒಲೆಯ ಹಿಂದೆ ಭತ್ತದ ತೆನೆ ಇಳಿಬಿಟ್ಟು ಹಾನಗಲ್ಲು ಮಾಡಿದ. ವೀಳ್ಯದೆಲೆಯ ಬುಟ್ಟಿ ಇಟ್ಟು ಸವಣೂರು ಮಾಡಿದ. ಗೋವಿನಜೋಳದ ತೆನೆ ಕಟ್ಟಿ ಹಿರೇಕೆರೂರು, ಒಣಮೆಣಸಿನಕಾಯಿ ಹರವಿ ಶಿಗ್ಗಾವಿ. ನಾಲ್ಕು ಊರಿನ ನಾಲ್ಕು ಹೆಂಗಸರಾಗಿ ಮಹಾದೇವಕ್ಕನೇ ನಾಲ್ಕು ಸೀರೆ ಉಟ್ಟು, ಸೆರಗು ಹೊದ್ದು, ಬೆನ್ನು ತಿರುಗಿಸಿ ಕೂತಿದ್ದಳು. ಗೋಡೆ ಬದಲಾಗಿತ್ತು, ಪಾತ್ರೆ ಬದಲಾಗಿತ್ತು, ಕ್ಯಾಲೆಂಡರ್ ಕೂಡ ಬದಲಾಗಿತ್ತು. ಒಲೆಯ ಬಿಸಿಗೆ ಮಲಗಿದ ಸಾವ್ಕಾರ ಮಾತ್ರ ನಾಲ್ಕು ತಾಲ್ಲೂಕಿಗೂ ಒಬ್ಬನೇ ಉಳಿದುಬಿಟ್ಟಿದ್ದ.

ಸುದ್ದಿ ಕೇಳಿ ಶಂಕ್ರಪ್ಪನವರು ಓಡಿ ಬಂದರು.

"ತಗದ ಒಗಿಯಲೇ ಅದನ್ನ!"

"ಆಗೂದಿಲ್ರಿ ಸರ," ಎಂದ ಹುಲಗೇಶ. "ಎಲ್ಲಾ ಹೋದ ವಾರಾನ ಕಂಪನಿ ಮೇಡಮ್ಮಾರಿಗೆ ಕಳಿಸೇವಿ. ಅವರು ಅವರ ಲ್ಯಾಪ್‌ಟಾಪಿನ್ಯಾಗ ತರಾಕತ್ತಾರ. ಕೆಲಸ ನೋಡಾಕ ಇವತ್ತು ಬಂದಾಗ ಅದರಾಗ ತೋರಿಸ್ಬೇಕಂತ."

"ಅವ್ರು ನೋಡ್ಯಾರೇನು?"

"ಮೊಬೈಲಿನ್ಯಾಗ ನೋಡೇನಿ ಅಂದ್ರು. ಸಣ್ಣಗ ಕಂಡಿರ್ತೈತಿ."

ಅಷ್ಟರಲ್ಲಿ ಫೋನ್ ಬಂತು. ಮೇಡಂ ಬಂಕಾಪುರದಲ್ಲಿ ನವಿಲು ನೋಡಿ ಹೊರಟಿದ್ದರು. ಶಂಕ್ರಪ್ಪನವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಮತ್ತೆ ತೆರೆದಾಗ ಉಪಾಯ ಬಂದಿತ್ತು.

"ರಿಮೋಟ್ ನಮ್ಮದೈತಲ್ಲ? ನೀ ಹಿಂದ ನಿಲ್ಲು. ಫೋಟೋ ಬಂತೋ, ಒತ್ತು. ಕಣ್ಣ ಪಿಳುಕಿಸೂದ್ರಾಗ ಹೋಗಿರ್ಬೇಕು. ಮಹಾದೇವಕ್ಕಾ, ಆ ಸಾವ್ಕಾರನ್ನ ಸಾಮಾನಿನ ಕೋಣ್ಯಾಗ ಹಾಕಿ ಕೀಲಿ ಹಾಕು." ಆಮೇಲೆ ಹುಲಗೇಶನ ಹೆಗಲ ಮೇಲೆ ಕೈಯಿಟ್ಟರು. "ತಮ್ಮಾ, ಇವತ್ತು ಸುಸೂತ್ರ ಆತಂದ್ರ ಸಂಜಿಗೆ ನಿನ್ನ ಕಾಯಂ ಆರ್ಡರ್. ಇಲ್ಲಾಂದ್ರ ನಾಳಿಂದ ಬರಬ್ಯಾಡ."

ಹುಲಗೇಶ ರಿಮೋಟ್ ನೋಡಿದ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಮೇಲೆ ಮುಂದಕ್ಕೆ ಹೋಗುವ ಗುಂಡಿ, ಕೆಳಗೆ ಹಿಂದಕ್ಕೆ ಬರುವ ಗುಂಡಿ, ನಡುವೆ ಕೆಂಪು ಚುಕ್ಕೆ ಬಿಡುವ ಗುಂಡಿ. ದಿನಾ ಸಂಜೆ ಬಾಗಿಲಲ್ಲೇ ನಿಂತು "ಕಾಯಂ ಆತೇನ್ರಿ?" ಎಂದು ಕೇಳುವ ಹೆಂಡತಿ ಹೇಮಾಳಿಗೆ ಕೊಡಬೇಕಾದ ಉತ್ತರ ಆ ಮೂರು ಗುಂಡಿಗಳೊಳಗೆ ಎಲ್ಲೋ ಇತ್ತು.

ಶ್ವೇತಾ ಮೇಡಂ ಬಂದರು. ಮೂವತ್ತೈದರ ಆಸುಪಾಸು, ಮಾತಿಗಿಂತ ನೋಟ ಹೆಚ್ಚು. ಮಹಾದೇವಕ್ಕ ಹಚ್ಚಿದ ಕುಂಕುಮ, ತನ್ವೀರ ಕೊಟ್ಟ ಖಾರ ಎರಡನ್ನೂ ಒಂದೇ ಶಾಂತಿಯಿಂದ ಸ್ವೀಕರಿಸಿ ಲ್ಯಾಪ್‌ಟಾಪನ್ನು ಹುಲಗೇಶನ ಕೈಗೆ ಕೊಟ್ಟು ಮುಂದಿನ ಕುರ್ಚಿಯಲ್ಲಿ ಕೂತರು. ಎದುರಿಗೆ ಗೋಡೆಗೆ ಮೊಳೆ ಹೊಡೆದು ಬಿಗಿದ ಪರದೆ, ಅಂದರೆ ಶಂಕ್ರಪ್ಪನವರ ಮದುವೆಯ ಧೋತರ.

"ಮೊದಲಿಗೆ ಹಾನಗಲ್ಲ," ಎಂದರು ಶಂಕ್ರಪ್ಪನವರು.

ಫೋಟೋ ಬಂತು. ಹುಲಗೇಶ ಒತ್ತಿದ. ಫೋಟೋ ಹೋಗಿ ಅಂಕಿಸಂಖ್ಯೆಯ ಪುಟ ಬಂತು. ಮಿಂಚಿದಂತಾಯಿತು, ಅಷ್ಟೇ.

"ಏನದು ಹೋಗಿದ್ದು?" ಎಂದರು ಮೇಡಂ. "ಸ್ವಲ್ಪ ಹಿಂದೆ ಬನ್ನಿ."

ಹುಲಗೇಶ ಹಿಂದಕ್ಕೆ ಒತ್ತಿದ. ಸೆಲ್ಲಿನಲ್ಲಿ ಜೀವ ಕಡಿಮೆಯಿತ್ತು, ಏನೂ ಆಗಲಿಲ್ಲ. ಬಲವಾಗಿ ಒತ್ತಿದ. ಎರಡೂ ಸಲದ್ದು ಸೇರಿ ನಮಸ್ಕಾರ ಹೇಳುವ ಮೊದಲ ಪುಟಕ್ಕೆ ಹೋಯಿತು. ಮುಂದಕ್ಕೆ ಒತ್ತಿದ. ಹಾನಗಲ್ಲು ಕಂಡಿತು, ಮಾಯವಾಯಿತು. ಮತ್ತೆ ಹಿಂದೆ, ಮತ್ತೆ ನಮಸ್ಕಾರ. ಮೂರು ಸಲ ನಮಸ್ಕಾರ ಆದ ಮೇಲೆ ತನ್ವೀರ ಮೆಲ್ಲಗೆ, "ಮೇಡಮ್ಮಾರಿಗೆ ಇಷ್ಟ ಮರ್ಯಾದಿ ಯಾರೂ ಕೊಟ್ಟಿರಾಕಿಲ್ಲ," ಎಂದ.

ನಾಲ್ಕನೆಯ ಸಲ ಹಾನಗಲ್ಲು ಬಂದು ಗಟ್ಟಿಯಾಗಿ ನಿಂತುಬಿಟ್ಟಿತು. ಶಂಕ್ರಪ್ಪನವರು ಒಂದೇ ಹೆಜ್ಜೆಗೆ ಬೆಕ್ಕಿನ ಮುಂದೆ ಹೋಗಿ ನಿಂತರು. ಪ್ರೊಜೆಕ್ಟರಿನ ಬೆಳಕಿಗೆ ಅದೇನು ಗೊತ್ತು? ಬೆಕ್ಕು ಅವರ ಬಿಳಿ ಅಂಗಿಯ ಹೊಟ್ಟೆಯ ಮೇಲೆ ಸುಖವಾಗಿ ಮಲಗಿಕೊಂಡಿತು. ಅವರು ಉಸಿರೆಳೆದಾಗ ಅದೂ ಉಸಿರಾಡುತ್ತಿತ್ತು.

"ಹೆಂಗಸರು ಯಾಕೆ ಬೆನ್ನು ಮಾಡಿ ಕೂತಿದ್ದಾರೆ?" ಮೇಡಂ ಕೇಳಿದರು.

"ನಮ್ಮ ಹೆಣ್ಮಕ್ಕಳು ಭಾಳ ನಾಚಿಕಿ ಸ್ವಭಾವದವರ್ರಿ."

ಅದೇ ಹೊತ್ತಿಗೆ ಮಹಾದೇವಕ್ಕ ಚಹಾ ತಂದು, "ಏ ಮೇಡಮ್ಮಾರ, ಸಕ್ಕರಿ ಸಾಕಾತೇನ್ ನೋಡ್ರಿ, ನಾಚ್ಕೋಬ್ಯಾಡ್ರಿ!" ಎಂದು ಕಟ್ಟಡ ನಡುಗುವಂತೆ ಕೂಗಿದಳು. ಅವಳು ಉಟ್ಟಿದ್ದು ಹಾನಗಲ್ಲಿನ ಸೀರೆ.

"ಇನ್ನೊಂದು ಚಮಚ ಬೇಕಿತ್ತು," ಎಂದರು ಮೇಡಂ.

ಸಕ್ಕರೆ ಇದ್ದದ್ದು ಸಾಮಾನಿನ ಕೋಣೆಯಲ್ಲಿ. ಮಹಾದೇವಕ್ಕ ಕೀಲಿ ತೆಗೆದಳು, ಸಕ್ಕರೆ ತಂದಳು, ಬಾಗಿಲು ಮುಂದೆ ಮಾಡುವುದನ್ನು ಮರೆತಳು.

ಸವಣೂರು ಬರುವಷ್ಟರಲ್ಲಿ ರಿಮೋಟ್ ಪೂರ್ತಿ ಸತ್ತಿತು. ತನ್ವೀರ ಆಫೀಸಿನ ಟಿವಿ ರಿಮೋಟಿನ ಹೊಟ್ಟೆ ಬಗೆದು ಸೆಲ್ ತಂದ. ಶಂಕ್ರಪ್ಪನವರು ಅಷ್ಟು ಹೊತ್ತೂ ಬೆಕ್ಕನ್ನು ಹೊಟ್ಟೆಯ ಮೇಲೆ ಹೊತ್ತು ಸವಣೂರಿನ ಎಲೆಬಳ್ಳಿಯ ಗುಣಗಾನ ಮಾಡಿದರು. ಹೊಸ ಸೆಲ್ ಹಾಕಿದೊಡನೆ ಸವಣೂರು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸರಿದುಹೋಯಿತು. ಇನ್ನೆರಡೇ ಉಳಿದವು. ಹುಲಗೇಶನಿಗೆ ಮೊದಲ ಸಲ ಸಂಜೆಯ ಹೇಮಾಳ ಮುಖ ಕಣ್ಣ ಮುಂದೆ ಬಂತು.

ಹಿರೇಕೆರೂರು ಬಂತು. ಸತ್ತ ಸೆಲ್ಲಿಗೆ ಒಗ್ಗಿದ ಹೆಬ್ಬೆರಳು ಮೊದಲಿನ ಬಲದಲ್ಲೇ ಒತ್ತಿ, ಜಾರಿ, ನಡುವಿನ ಗುಂಡಿಯ ಮೇಲೆ ಕೂತಿತು. ಪರದೆಯ ಮೇಲೆ ಕೆಂಪು ಚುಕ್ಕೆ ಮೂಡಿತು. ಬೀಳುವುದು ಬಿದ್ದು, ಸರಿಯಾಗಿ ಬೆಕ್ಕಿನ ಹರಿದ ಕಿವಿಯ ಮೇಲೆ ಬಿತ್ತು. ಹುಲಗೇಶ ರಿಮೋಟನ್ನು ಅತ್ತಿತ್ತ ಜಾಡಿಸಿದ. ಚುಕ್ಕೆ ಕಿವಿಯ ಸುತ್ತ ಕುಣಿಯತೊಡಗಿತು.

ಅದನ್ನು ಬಾಗಿಲಿನಿಂದ ಒಬ್ಬರು ನೋಡುತ್ತಿದ್ದರು.

ಹುಟ್ಟಿದಾಗಿನಿಂದ ಒಂದು ಇಲಿಯನ್ನೂ ಹಿಡಿಯದಿದ್ದ ಸಾವ್ಕಾರ ಬಿಲ್ಲಿನಿಂದ ಬಿಟ್ಟ ಬಾಣದಂತೆ ಬಂತು. ಮೇಡಂ ಅವರ ಕುರ್ಚಿಯ ಕೆಳಗಿನಿಂದ ಹಾದು, ಶಂಕ್ರಪ್ಪನವರ ಹೆಗಲ ಮೇಲೆ ಕಾಲಿಟ್ಟು, ಚುಕ್ಕೆಯ ಮೇಲೆ ಹಾರಿತು. ಉಗುರು ಧೋತರಕ್ಕೆ ಸಿಕ್ಕಿತು. ಬೆಕ್ಕು ತನ್ನದೇ ಫೋಟೋದ ಮೇಲೆ, ಕಿವಿಗೆ ಕಿವಿ, ಮಚ್ಚೆಗೆ ಮಚ್ಚೆ ಕೂಡಿಸಿ ಜೋತಾಡಿತು. ಆಮೇಲೆ ಮದುವೆಯ ಧೋತರ ಪರ್‍ರೆಂದು ಹರಿಯಿತು.

ಪ್ರೊಜೆಕ್ಟರಿನ ಫ್ಯಾನು ಒಂದೇ ಸದ್ದು ಮಾಡುತ್ತಿತ್ತು.

ಮೇಡಂ ಬೆಕ್ಕನ್ನು ನೋಡಿದರು. ಹರಿಯದೆ ಉಳಿದ ಅರ್ಧ ಪರದೆಯನ್ನು ನೋಡಿದರು.

"ನಾಲ್ಕೂ ಫೋಟೋ ಮತ್ತೆ ತೋರಿಸಿ. ನಿಧಾನಕ್ಕೆ ಒತ್ತಿ."

ಆವತ್ತು ಮೊದಲ ಬಾರಿಗೆ ರಿಮೋಟ್ ಹೇಳಿದಂತೆ ಕೇಳಿತು. ಹಾನಗಲ್ಲು, ಸವಣೂರು, ಹಿರೇಕೆರೂರು, ಶಿಗ್ಗಾವಿ. ಒಂದೊಂದೂ ಬಂದು, ನಿಂತು, ಬೆಕ್ಕು ತೋರಿಸಿ ಹೋಯಿತು.

ಹುಲಗೇಶನೊಳಗೆ ಏನೋ ಸಡಿಲವಾಯಿತು. ಕೆಲಸ ಹೋದರೂ ಹೋಗಲಿ, ಹೇಳಿಬಿಡೋಣ ಅನಿಸಿತು. "ಮೇಡಂ, ಖರೇ ಹೇಳ್ಬೇಕಂದ್ರ... ಇವೆಲ್ಲಾ ಒಂದ..."

"ಒಂದ ತಾಯಿ ಮರಿಗಳ್ರಿ!" ಶಂಕ್ರಪ್ಪನವರು ಅವನ ಮಾತನ್ನು ಗಾಳಿಯಲ್ಲೇ ಹಿಡಿದರು. "ಹೊಸಾ ಒಲಿ ಬೂದಿಗೂಡಿನ್ಯಾಗ ಇಲಿ ತೂತ ಕೊರಿತಾವ್ರಿ. ಅದಕ್ಕ ಮನಿಗೊಂದು ಒಲಿ, ಒಲಿಗೊಂದು ಬೆಕ್ಕು ಕೊಡಾಕತ್ತೇವಿ."

"ಎಲ್ಲಕ್ಕೂ ಎಡಗಿವಿ ಹರಿದಿದೆಯಲ್ಲ?"

"ಗುರ್ತಿಗ್ರಿ. ದನದ ಕಿವಿಗೆ ನಂಬರ್ ಬಿಲ್ಲಿ ಹೊಡಿತಾರಲ್ರಿ, ಹಂಗ ನಮ್ಮ ಯೋಜನಾದ ಬೆಕ್ಕಂತ ಗೊತ್ತಾಗ್ಬೇಕಲ್ರಿ."

ತನ್ವೀರ ಖಾರ ನೆತ್ತಿಗೇರಿದವನಂತೆ ಕೆಮ್ಮುತ್ತ ಹೊರಗೆ ಓಡಿದ. ಮೇಡಂ ಬಹಳ ಹೊತ್ತು ಶಂಕ್ರಪ್ಪನವರ ಮುಖ ನೋಡಿದರು. ಅವರ ತುಟಿಯ ತುದಿ ಒಮ್ಮೆ ಅಲುಗಿತೋ ಇಲ್ಲವೋ, ಹುಲಗೇಶನಿಗೆ ಖಚಿತವಾಗಲಿಲ್ಲ.

"ಯಾರದು ಈ ಐಡಿಯಾ?"

"ಇವಂದ್ರಿ, ನಮ್ಮ ಹುಲಗೇಶಂದು." ಶಂಕ್ರಪ್ಪನವರು ಎಂದೂ ಇಲ್ಲದ ಔದಾರ್ಯ ತೋರಿಸಿದರು.

"ತುಂಬ ಚೆನ್ನಾಗಿದೆ," ಎಂದರು ಮೇಡಂ. ಪುಸ್ತಕದಲ್ಲಿ ಏನೋ ಬರೆದುಕೊಂಡರು. "ಮುಂದಿನ ತಿಂಗಳು ನಾನೇ ಬರ್ತೀನಿ. ಫೋಟೋ ಬೇಡ, ಪ್ರೊಜೆಕ್ಟರ್ ಬೇಡ. ನಲವತ್ತು ಮನೆಗೂ ಹೋಗೋಣ. ನಲವತ್ತು ಒಲೆ, ನಲವತ್ತು ಬೆಕ್ಕು ನೋಡ್ತೀನಿ. ಹುಲಗೇಶ್ ಅವರೇ ತೋರಿಸಲಿ."

ಕಾರಿನ ತನಕ ಹುಲಗೇಶನೇ ಅವರ ಸಾಮಾನು ಒಯ್ದ. ಮೇಡಂ ಹಿಂದಿನ ಬಾಗಿಲು ತೆಗೆದು, ಹಣ್ಣಿನ ಬುಟ್ಟಿ ಖಾಲಿ ಮಾಡಿ, ಅದರಲ್ಲಿ ತಮ್ಮ ಶಾಲು ಹಾಸಿದರು.

"ಆ ಬೆಕ್ಕು ಕೊಡಿ."

"ಯಾಕ್ರಿ ಮೇಡಂ?"

"ಮಾದರಿಗೆ. ನನ್ನ ಹತ್ತಿರ ಇರಲಿ." ಆಮೇಲೆ ದನಿ ತಗ್ಗಿಸಿ, ಇಬ್ಬರಿಗೇ ಕೇಳುವಷ್ಟು ಹೇಳಿದರು. "ನಲವತ್ತು ಮನೆಗೂ ಇದೊಂದೇ ನನಗಿಂತ ಮುಂಚೆ ಹೋಗಿ ಮಲಗಿರಬಾರದು, ನೋಡಿ."

ಹುಲಗೇಶ ತಲೆಯೆತ್ತಿದ. ಮೇಡಂ ನಗುತ್ತಿದ್ದರು. ಸಾವ್ಕಾರ ಶಾಲಿನ ಮೇಲೆ ಎರಡು ಸುತ್ತು ಸುತ್ತಿ, ಬೆಂಗಳೂರಿನವನಂತೆಯೇ ಮಲಗಿಕೊಂಡಿತು.

ಸಂಜೆ ಕಾಯಂ ಆರ್ಡರ್ ಬಂತು. ಟೈಪು ಮಾಡಿದವನೂ ಹುಲಗೇಶನೇ, ಶಂಕ್ರಪ್ಪನವರು ಹೇಳಿದ್ದು ಹೇಳಿದಂತೆ. ಹುದ್ದೆ: ಒಲೆ ಮತ್ತು ಬೆಕ್ಕು ಸಂಯೋಜಕ. ಕೊನೆಯ ಸಾಲು: ನಲವತ್ತೂ ಬೆಕ್ಕುಗಳು ಹಾಜರಾದ ದಿನದಿಂದ ಈ ಆದೇಶ ಜಾರಿಗೆ ಬರತಕ್ಕದ್ದು.

"ಒಲಿ ಚಿಂತಿ ಬಿಡು, ಅದು ನಂದು," ಎಂದರು ಶಂಕ್ರಪ್ಪನವರು ಹರಿದ ಧೋತರ ಮಡಚುತ್ತ. "ಬೆಕ್ಕು ನಿಂದು. ಆ ರಿಮೋಟ್ ಒಯ್ಯಿ, ಕೆಲಸಕ್ಕ ಬರ್ತೈತಿ."

ತನ್ನೂರು ಹುಲಗೂರಿನಲ್ಲಿ ಬಸ್ಸಿಳಿದು ಮನೆ ಮುಟ್ಟಿದಾಗ ಹೇಮಾ ಬಾಗಿಲಲ್ಲೇ ಇದ್ದಳು.

"ಕಾಯಂ ಆತೇನ್ರಿ?"

"ಆತು," ಎಂದ. ಸುಳ್ಳಲ್ಲ. ಖರೆಯೂ ಅಲ್ಲ.

"ಯವ್ವಾ! ತಡೀರಿ, ಶಿರಾ ಮಾಡ್ತೇನಿ!" ಅವಳು ಒಳಗೆ ಓಡಿ ಒಲೆ ಹಚ್ಚಿದಳು. ಹೊಗೆ ಬಾಗಿಲವರೆಗೂ ಬಂತು. ಅವಳು ಕೆಮ್ಮಿದಳು.

ಹುಲಗೇಶ ಕಟ್ಟೆಯ ಮೇಲೆ ಕೂತ. ಜೇಬಿನಿಂದ ರಿಮೋಟ್ ತೆಗೆದು, ಓಣಿಯ ಆ ಕಡೆ ಈ ಕಡೆ ನೋಡಿ, ಎದುರಿನ ಗೋಡೆಗೆ ಹಿಡಿದು ನಡುವಿನ ಗುಂಡಿ ಒತ್ತಿದ. ಮೊದಲು ಎರಡು ನಾಯಿ ಬಂದವು. ಆಮೇಲೆ ಪಕ್ಕದ ಮನೆಯ ಬಾನುಬಿ ಬಂದು, "ಏನ್ ಬೇಟಾ, ತಬ್ಯೇತ್ ನೆಟ್ಟಗೈತಿಲ್ಲ?" ಎಂದು ಕೇಳಿ ಹೋದಳು. ಕೊನೆಗೆ ಗೋಡೆಯ ಸಂದಿನಿಂದ ಒಂದು ಬೆಕ್ಕು ಹೊರಬಂತು. ಬಿಳಿ ಮೈ. ಬೆನ್ನ ಮೇಲೆ ಕರಿ ಮಚ್ಚೆಯೂ ಇತ್ತು! ಚುಕ್ಕೆಯನ್ನು ಮೆಲ್ಲಗೆ ತನ್ನ ಕಾಲಬುಡದವರೆಗೆ ಎಳೆದುಕೊಂಡು ಬಂದು, ಬೆಕ್ಕನ್ನು ಎತ್ತಿ, ಉಸಿರು ಬಿಗಿಹಿಡಿದು ಎಡಗಿವಿ ತಿರುಗಿಸಿ ನೋಡಿದ.

ಕಿವಿ ಹೊಸ ವೀಳ್ಯದೆಲೆಯ ಹಾಗೆ ನೆಟ್ಟಗಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ತನ್ವೀರ.

"ಹುಲಗೇಶಣ್ಣ, ಸವಣೂರಾಗ ಒಂದು ಸಿಕ್ಕೇತಿ! ಬಿಳೇದು, ಮಚ್ಚಿ ಐತಿ, ಕಿವೀನೂ ಹರದೇತಿ."

ಹುಲಗೇಶ ಎದ್ದು ನಿಂತ. "ಖರೇನು? ಹಿಡ್ಕೊಂಡೀ?"

"ಹಿಡ್ಕೊಂಡೇನಿ, ಕೈ ಎಲ್ಲಾ ಪರಚೇತಿ. ಆದ್ರ ಒಂದು ಮಾತು ಕೇಳ್ಬೇಕಿತ್ತು." ಒದರುವ ಬೆಕ್ಕನ್ನು ತನ್ವೀರ ಒಮ್ಮೆ ಗದರಿಸಿದ.

"ಬಲಗಿವಿ ನಡೀತೈತೇನು?"