ಕಳೆ ಕೀಳಲು ಬಂದ ನೆಂಟರು

ನಮ್ಮವ್ವನ ಕಣ್ಣಿಗೆ ಬಿದ್ದ ಯಾವ ಮನುಷ್ಯನೂ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ನಮಗೆ ನೆಂಟನಾಗಿರುತ್ತಾನೆ! ಗ್ಯಾಸ್ ಸಿಲಿಂಡರ್ ತರುವವನು ಬೀಗ, ಕರೆಂಟು ಮೀಟರ್ ನೋಡುವವನು ಅಣ್ಣನ ಮಗ. ಇರಲಿ ಬಿಡಿ, ಅವರಿಂದ ನನಗೇನೂ ತೊಂದರೆಯಿಲ್ಲ. ತಲೆನೋವು ಶುರುವಾದದ್ದು ತೋಟದ ಕೆಲಸದವರಿಂದ.

ಮಂಡ್ಯದ ಗುತ್ತಲಿನ ನಮ್ಮ ಮನೆಯ ಹಿತ್ತಲಲ್ಲಿ ಪಾರ್ಥೇನಿಯಂ ಎದೆಮಟ್ಟ ಬೆಳೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾವಿನ ಪೊರೆ ಸಿಕ್ಕಿತು. ಹೆದರಿ, ಹೊಳಲಿನಿಂದ ಒಬ್ಬ ಆಳನ್ನು ಗೊತ್ತು ಮಾಡಿದೆ. ಅವ್ವ ಅವನ ಊರು ಕೇಳಿದಳು, ಹೆಂಡತಿಯ ಊರು ಕೇಳಿದಳು, ಅಲ್ಲಿಗೆ ಮುಗಿಯಿತು! ಹೆಂಡತಿ ಅವ್ವನ ತವರಿನ ಪಕ್ಕದೂರಿನವಳಂತೆ. ಆಸಾಮಿ ಮುದ್ದೆ, ಉಪ್ಸಾರು ಉಂಡು, ಸಪೋಟಾ ಮರದಡಿ ಒಂದು ನಿದ್ದೆ ತೆಗೆದು, ನಮ್ಮದೇ ಮರದ ನುಗ್ಗೆಕಾಯಿ ಕಟ್ಟಿಸಿಕೊಂಡು ಹೊರಟ. ಒಂದು ಗರಿಕೆಯನ್ನೂ ಕಿತ್ತಿರಲಿಲ್ಲ. ನಾನು ರೇಗಿದರೆ ಅವ್ವ ನನಗೇ ಬುದ್ಧಿ ಹೇಳಿದಳು:

"ನೆಂಟ್ರ ಕೈಲಿ ಕಳೆ ಕೀಳಿಸ್ತಾರೇನ್ಲಾ?"

ಮುಂದಿನ ಸಲ ಹುಷಾರಾದೆ. ಗೆಜ್ಜಲಗೆರೆಯ ಕಾರ್ಖಾನೆಗೆ ಹೋಗುವ ಒಬ್ಬಾತ ಭಾನುವಾರಗಳಲ್ಲಿ ತೋಟದ ಕೆಲಸ ಮಾಡುತ್ತಿದ್ದ. ಗೇಟಿನಲ್ಲೇ ತಡೆದು, ಯಾರು ಕೇಳಿದರೂ ಮಂಡ್ಯದವನು ಎಂದಷ್ಟೇ ಹೇಳಬೇಕೆಂದು ಪಾಠ ಮಾಡಿದೆ. ಪಾಪ, ಹಾಗೇ ಹೇಳಿದ. ಅವ್ವ ಬಿಡುವ ಪೈಕಿಯೇ? ಮನೆದೇವರು ಯಾವುದೆಂದು ಕೇಳಿದಳು. ಆ ಪಾಠ ಅವನಿಗೆ ಆಗಿರಲಿಲ್ಲ! ಮಧ್ಯಾಹ್ನದ ಹೊತ್ತಿಗೆ ಅವನು ನನಗೆ ತಮ್ಮನಾಗಿ, ಪಡಸಾಲೆಯಲ್ಲಿ ಕೂತು ಮದ್ದೂರು ವಡೆ ತಿನ್ನುತ್ತಿದ್ದ.

ಅವ್ವನಿಗೆ ಇದ್ದವನೊಬ್ಬನೇ ತಮ್ಮ. ಅವನು ತೀರಿಕೊಂಡ ಮೇಲೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ತರುವವರಿಲ್ಲ. ಆಗಿನಿಂದ ಈ ಚಟ ಜಾಸ್ತಿಯಾಗಿದೆ ಎಂದು ಅಪ್ಪ ಹೇಳುತ್ತಿರುತ್ತಾರೆ. ಇರಬಹುದು. ಆದರೆ ಹಾವಿಗೆ ಇದೆಲ್ಲ ಅರ್ಥವಾಗುತ್ತದೆಯೇ?

ಕೊನೆಗೆ ಮಳವಳ್ಳಿ ಕಡೆಯವರೊಬ್ಬರು ಬಂದರು. ಅವ್ವನಿಗಿಂತ ಕೊಂಚ ಚಿಕ್ಕವರು, ಮಾತು ಕಮ್ಮಿ. ಇವರೇ ಸರಿ ಎಂದುಕೊಂಡು ಕೆಲಸಕ್ಕೆ ಹೋದೆ. ಅವ್ವನ ತವರೂ ಮಳವಳ್ಳಿ ಕಡೆಯೇ ಎಂಬುದು ನನ್ನ ಮಂಡೆಗೆ ಹೊಳೆಯಬೇಡವೇ! ಸಂಜೆ ಬಂದು ನೋಡಿದರೆ ಹಿತ್ತಲಲ್ಲಿ ಕಳೆ ಕಳೆಕಳೆಯಾಗಿ ನಿಂತಿತ್ತು. ಅವ್ವ ಅವರ ಎದುರು ಕೂತು ತೀರಿಹೋದ ತಮ್ಮನ ವಿಷಯ ಹೇಳುತ್ತಿದ್ದಳು. ನಾನು ಹಣೆ ಚಚ್ಚಿಕೊಂಡೆ.

ಗೌರಿ ಹಬ್ಬದ ಬೆಳಿಗ್ಗೆ ಗೇಟು ಸದ್ದಾಯಿತು. ಅದೇ ಮಳವಳ್ಳಿಯವರು ಒಗೆದ ಪಂಚೆಯುಟ್ಟು ನಿಂತಿದ್ದರು. ಒಂದು ಕೈಯಲ್ಲಿ ಹೂವು, ಬಳೆ, ರವಿಕೆ ಕಣವಿಟ್ಟ ಮೊರ. ಇನ್ನೊಂದರಲ್ಲಿ ಕುಡುಗೋಲು.

"ಬಾಗ್ನ ತಂದಿವ್ನಿ ಕಣಕ್ಕ," ಎಂದರು.

ಸದಾ ವಟಗುಟ್ಟುವ ಅವ್ವ ಸೆರಗೊಡ್ಡಿ ಮೊರ ತೆಗೆದುಕೊಂಡು ಅತ್ತುಬಿಟ್ಟಳು. ಅವರು ಮುಜುಗರಪಟ್ಟು ಸೀದಾ ಹಿತ್ತಲಿಗೆ ನಡೆದರು. ಹಬ್ಬದ ದಿನ ಇದೆಲ್ಲ ಯಾಕೆ ಎಂದು ಹಿಂದೆಯೇ ಓಡಿದೆ.

"ಅಕ್ಕನ ಇತ್ಲಲ್ಲಿ ಆವು ಓಡಾಡ್ತದೆ ಅಂದ್ರೆ ತಮ್ಮ ಆದೋನು ಸುಮ್ಕಿರಾಕಾಯ್ತದಾ?" ಎಂದರು.

ಅವರ ಕೈಯಿಂದ ಕುಡುಗೋಲು ಕಿತ್ತುಕೊಂಡೆ.

"ಬುಡಿ ಮಾವ," ಎಂದೆ, "ನೆಂಟ್ರ ಕೈಲಿ ಕಳೆ ಕೀಳಿಸ್ತಾರಾ?"